ಎಡಚನ ಬಾಸ್ ಗಿಟಾರು

ಸಿಟ್ಟು ತರಿಸುವ ಜನ ಬೇರೆಯವರಿಗೆ ಹಬ್ಬ ಹುಣ್ಣಿಮೆಗೊಮ್ಮೆ ಸಿಗುತ್ತಾರೆ. ನನಗೆ ಅಂಗಡಿಯ ಬಾಗಿಲು ತೆಗೆದ ದಿನವೆಲ್ಲ ಸಿಕ್ಕಿದ್ದಾರೆ. ಚಿಕ್ಕೋಡಿ ಬಜಾರದಲ್ಲಿ ನನ್ನದು ವಾದ್ಯಗಳ ಅಂಗಡಿ. ಹಾರ್ಮೋನಿಯಂ, ತಬಲಾ, ಡೋಲಕಿ, ಭಜನೆಯ ತಾಳ ಇವೆಲ್ಲ ಹೊಟ್ಟೆಪಾಡಿಗೆ. ಬಾಸ್ ಗಿಟಾರು ಮಾತ್ರ ಹುಚ್ಚಿಗೆ. ಎಂಬತ್ತರ ದಶಕದಲ್ಲಿ ನಮ್ಮ ಭಾಗದಲ್ಲಿ ಊರಿಗೊಂದು ಆರ್ಕೆಸ್ಟ್ರಾ ಹುಟ್ಟಿಕೊಂಡಿತು. ಅಂಥ ಒಂದರಲ್ಲಿ ನಾನು ಬಾಸ್ ಬಾರಿಸುತ್ತಿದ್ದೆ. ಜೊತೆಗೆ ಹಳೆಯ ಬಾಸುಗಳನ್ನು ಕೊಳ್ಳುವುದು, ಮಾರುವುದು, ಮನಸ್ಸಿಗೆ ಬಂದದ್ದನ್ನು ಮನೆಯಲ್ಲಿ ತೂಗುಹಾಕುವುದು.

ತೊಂದರೆ ಒಂದೇ. ನಾನು ಎಡಚ. ನಮ್ಮ ಕಡೆ ಅಂಥವನಿಗೆ ರೊಡ್ಡ ಎನ್ನುತ್ತಾರೆ. ಗಡಿ ಆಚೆಯ ಮರಾಠಿಯವರು ಡಾವ್ರ್ಯಾ ಎನ್ನುತ್ತಾರೆ. ಬೈಯುವ ಧಾಟಿ ಎರಡು ಭಾಷೆಯಲ್ಲೂ ಒಂದೇ.

ಬಾಸ್ ಗಿಟಾರಿಗೆ ನಾಲ್ಕೇ ತಂತಿ. ದಪ್ಪ ತಂತಿ ಮೇಲೆ, ಸಣ್ಣದು ಕೆಳಗೆ. ಎಲ್ಲರೂ ಎಡಗೈಯಿಂದ ಕುತ್ತಿಗೆ ಒತ್ತಿ ಬಲಗೈಯಿಂದ ಮೀಟುತ್ತಾರೆ. ನನಗೆ ಅದರ ತದ್ವಿರುದ್ಧ ಬೇಕು. ಮಾಡುವವರು ಎಡಚರಿಗಾಗಿಯೇ ಬೇರೆ ಬಾಸು ಮಾಡುತ್ತಾರೆಂದು ನಾನು ಒಂದು ಪರದೇಶದ ಕ್ಯಾಟಲಾಗಿನ ಚಿತ್ರ ನೋಡಿ ತಿಳಿದಿದ್ದೆ. ಅಂಥದ್ದೊಂದು ಕೈಗೆ ಬರಲಿ ಎಂದು ನಾನು ಪಟ್ಟ ಪಾಡು ಕೇಳಿ ನಗಬೇಕೆನಿಸಿದರೆ ನಗಿರಿ. ನನಗೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ತಿರುವಿ ಹಿಡೀರಿ

ಮೊದಲು ಹೋದದ್ದು ಕೊಲ್ಲಾಪುರಕ್ಕೆ. ಅಲ್ಲಿ ಒಂದು ದೊಡ್ಡ ಅಂಗಡಿ. ಮಾಲಕ ಬಿಳಿ ಟೋಪಿಯ ಮುದುಕ. ಕನ್ನಡ ಬರುತ್ತಿತ್ತು, ಆದರೆ ರೇಟು ಹೇಳುವಾಗ ಮಾತ್ರ ಮರೆತುಬಿಡುತ್ತಿದ್ದ.

"ಎಡಗೈದು ಬಾಸ್ ಗಿಟಾರ ಐತೇನ್ರಿ?" ಎಂದೆ.

ಅವನು ಗೋಡೆಯ ಮೇಲಿನ ಸಾದಾ ಬಾಸನ್ನು ಇಳಿಸಿ, ರೊಟ್ಟಿ ತಿರುವಿದಂತೆ ತಿರುವಿ ನನ್ನ ಕೈಗಿಟ್ಟ. "ಹೇ ಘ್ಯಾ, ಇದನ್ನ ತಗೋರಿ. ತಿರುವಿ ಹಿಡೀರಿ, ಎಡಗೈದು ಆತು."

"ಅಜ್ಜಾರ, ತಿರುವಿದರ ದಪ್ಪ ತಂತಿ ಕೆಳಗ ಬಂತು. ದನಿ ಏರಿಸಿ ಇಳಿಸೋ ಈ ಗುಂಡಿ ಎಲ್ಲಾ ಮೇಲೆ ಬಂದು ಮೊಳಕೈಗೆ ಚುಚ್ಚತಾವು."

"ತಂತಿನೂ ತಿರುವಿ ಹಾಕ್ರಿ."

"ಈ ಪಟ್ಟಿ ಮ್ಯಾಲಿನ ಗೀರು ನೋಡ್ರಿ, ತಂತಿ ಕುಂದರೋ ಹರಿ ಬ್ಯಾರೆ ಬ್ಯಾರೆ ಅದಾವಲ್ರಿ! ದಪ್ಪ ತಂತಿ ಸಣ್ಣ ಹರ್‍ಯಾಗ ಹ್ಯಾಂಗ ಕುಂದರತೈತಿ?"

"ಕುಂದರತೈತಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಾಕ ಹೇಳ್ರಿ."

ತಂತಿಗೆ ಅಡ್ಜಸ್ಟ್ ಮಾಡಿಕೊಳ್ಳಲು ಹೇಳಬೇಕಂತೆ! ನನಗೆ ತಲೆ ಕೆಟ್ಟಿತು. ಮೂವತ್ತು ವರ್ಷ ವಾದ್ಯ ಮಾರಿದ ಮನುಷ್ಯ ಆಡುವ ಮಾತೇ ಇದು? ನಾನು ಮೆಟ್ಟಿಲ ಮೇಲಿದ್ದ ಅವನ ಚಪ್ಪಲಿ ತೋರಿಸಿ, "ಹಂಗಾದ್ರ ನಾಳಿಂದ ನೀವು ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕ್ಕೊಂಡ ಅಡ್ಡಾಡ್ರಿ ನೋಡೋಣ" ಎಂದೆ.

ಮುದುಕ ಚಪ್ಪಲಿಯನ್ನು ನೋಡಿದ, ನನ್ನನ್ನು ನೋಡಿದ. ಬಹಳ ತಾಳ್ಮೆಯಿಂದ ಹೇಳಿದ:

"ಆಗ್ತೈತ್ರಿ. ಈಗ ಬರೂವಾಗ ಹಂಗ ಹಾಕ್ಕೊಂಡ ಬಂದೇನಿ."

ಎರಡು ತಂತಿ ಕಡಿಮೆ

ಕೊನೆಗೆ ಆ ತಿರುವಿ ಹಿಡಿದ ಬಾಸಿನ ಮೇಲೆಯೇ ಕಲಿತೆ. ದಪ್ಪ ತಂತಿ ಕೆಳಗೆ, ಸಣ್ಣದು ಮೇಲೆ, ಗುಂಡಿ ಮೊಳಕೈಗೆ. ಕಲಿತದ್ದು ತಪ್ಪಾಯಿತು ಎಂದು ತಿಳಿದದ್ದು ಅಂಕಲಿಯ ಗಿರಾಕಿ ಬಂದ ದಿನ.

ಅವನು ಬ್ಯಾಂಡ್ ಕಂಪನಿಯ ಮಾಲಕ. ಮದುವೆ ಮೆರವಣಿಗೆಗೆ ಕ್ಲಾರಿನೆಟ್, ಡ್ರಮ್ಮು ಇಟ್ಟುಕೊಂಡವನು, ಆರ್ಕೆಸ್ಟ್ರಾದವರ ಎದುರು ತನ್ನದು ಹಳೆಯದಾಯಿತೆಂದು ಹೊಸ ಹುರುಪಿನಲ್ಲಿ ಬಂದಿದ್ದ. ಗಲ್ಲೆಯ ಎದುರು ಕುಳಿತು ಚಹಾ ಕುಡಿದು, ಮೊದಲು ಸಾದಾ ಗಿಟಾರಿನ ರೇಟು ಕೇಳಿದ. ಹೇಳಿದೆ. ಆಮೇಲೆ ಬಾಸಿನ ರೇಟು ಕೇಳಿದ. ಹೇಳಿದೆ. ಬಶಿಯನ್ನು ಕೆಳಗಿಟ್ಟ.

"ಶೇಠ್ರ, ಅದಕ್ಕ ಎಷ್ಟು ತಂತಿ?"

"ಆರು."

"ಇದಕ್ಕ?"

"ನಾಕು."

"ಎರಡ ತಂತಿ ಕಮ್ಮಿ ಇದ್ದದ್ದಕ್ಕ ರೇಟ್ ಹೆಚ್ಚ? ಯಾವ ಊರ ವ್ಯಾಪಾರರಿ ಇದು? ಆ ಎರಡ ತಂತಿ ರೊಕ್ಕ ಕಳೀರಿ."

ನಾನು ತಂತಿಯ ದಪ್ಪ ತೋರಿಸಿದೆ. ಕಬ್ಬಿನ ಗಾಣಕ್ಕೂ ಎಣ್ಣೆಯ ಗಾಣಕ್ಕೂ ಹೋಲಿಸಿ ಹೇಳಿದೆ. ಬಾಯಿ ಒಣಗಿತು. ಮಾತಿನಿಂದ ಆಗದು, ದನಿ ಕೇಳಿಸೋಣ ಎಂದು ಬಾಸನ್ನು ಎತ್ತಿಕೊಂಡು, ಆ್ಯಂಪ್ಲಿಫೈಯರಿಗೆ ಜೋಡಿಸಿ, ನನ್ನ ರೂಢಿಯಂತೆ ಎಡಗೈಯಿಂದ ಬಾರಿಸಿದೆ. ಅಂಗಡಿಯ ಗಾಜು ನಡುಗಿತು. ಗಿರಾಕಿಯ ಮುಖ ಅರಳಿತು. ಮರುಕ್ಷಣವೇ ಬಾಡಿತು.

"ಹಂಗ ಹೇಳ್ರಿ ಮತ್ತ. ಇದು ರೊಡ್ಡ ಗಿಟಾರು! ನಮ್ಮ ಮಂದಿ ಎಲ್ಲಾ ಬಲಗೈಯವ್ರು."

"ರೊಡ್ಡ ನಾನು ಮಾರಾಯಾ! ಗಿಟಾರು ಸರಿ ಐತಿ!"

"ಸರಿ ಇದ್ದದ್ದು ನಿಮ್ಮ ಕೈಯಾಗ ಹ್ಯಾಂಗ ಬಾರಿಸ್ತು?"

ಸಿಟ್ಟಿನಲ್ಲಿ ನನ್ನ ಬಾಯಿಂದ ಆ ಮಾತು ಹೊರಟೇಹೋಯಿತು: "ತಿರುವಿ ಹಿಡೀರಿ, ಸರಿ ಆಗ್ತೈತಿ!"

ಅಂಕಲಿಯವನು ಎದ್ದು ನಿಂತ. ಚಪ್ಪಲಿ ಹಾಕಿಕೊಳ್ಳುತ್ತ ನಿಧಾನವಾಗಿ ಹೇಳಿದ: "ಒಂದು, ಎರಡ ತಂತಿ ಇಲ್ಲ. ಎರಡು, ತಿರುವಿದರಷ್ಟ ಸರಿ ಆಗ್ತೈತಿ. ಅಂದ್ರ ರಿಪೇರಿ ಮಾಲು. ಅರ್ಧಾ ರೇಟಿಗೆ ಕೊಡೂದಿದ್ರ ಹೇಳಿ ಕಳಸ್ರಿ."

ಎಡಕ್ಕ ಹೂಡಿದ್ದು

ನಿಪ್ಪಾಣಿಯಿಂದ ಒಬ್ಬ ಆರ್ಕೆಸ್ಟ್ರಾ ಮಾಲಕ ಫೋನು ಮಾಡಿದ. ಹಗಲು ತಂಬಾಕಿನ ದಲ್ಲಾಳಿ, ಸಂಜೆ ಆರ್ಕೆಸ್ಟ್ರಾ. ತಂಬಾಕಿನಲ್ಲಿ ಆಡುವ ಸುಳ್ಳುಗಳು ಸಾಲದೆ ಸಂಗೀತಕ್ಕೂ ಬಂದಿದ್ದ. "ಶೇಠ್ರ, ಅಸಲಿ ಎಡಗೈ ಬಾಸ್ ಬಂದೈತಿ. ಬ್ಯಾರೆಯವ್ರ ಕೇಳಾಕತ್ತಾರ, ನಿಮ್ಮ ಸಲುವಾಗಿ ಹಿಡದ ಇಟ್ಟೇನಿ."

ಅಂಗಡಿ ಮುಚ್ಚಿ, ಕೆಂಪು ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ತಂಬಾಕಿನ ಗೋದಾಮಿನೊಳಗೆ ಕರೆದೊಯ್ದ. ಸೀನಿ ಸೀನಿ ಕಣ್ಣಲ್ಲಿ ನೀರು. ಆ ನೀರಿನಲ್ಲೂ ನನಗೆ ಸರಿಯಾಗಿ ಕಂಡಿತು. ಅವನು ಗೋಣಿಚೀಲ ಬಿಚ್ಚಿ ತೆಗೆದದ್ದು ಸಾದಾ ಬಲಗೈ ಬಾಸು.

"ಏನ್ರಿ ಇದು?"

"ಎಡಗೈದು."

"ಎಲ್ಲಿ ಎಡಗೈದು? ದಪ್ಪ ತಂತಿ ನೋಡ್ರಿ, ಗುಂಡಿ ನೋಡ್ರಿ, ಕುತ್ತಿಗಿ ಬುಡದಾಗ ಕೈ ಹೋಗಾಕ ಕೊರದ ಈ ತಗ್ಗು ನೋಡ್ರಿ. ಎಲ್ಲಾ ಬಲಗೈಗೆ ಮಾಡಿದ್ದು."

"ಮಾಡಿದ್ದ ಬ್ಯಾರೆ, ರೂಢಿ ಬ್ಯಾರೆ. ಇದರ ಮಾಲಕ ಇಚಲಕರಂಜಿಯಾಂವ, ಪಕ್ಕಾ ಡಾವ್ರ್ಯಾ. ವರ್ಷಾನುಗಟ್ಟಲೆ ಎಡಗೈಲೆ ಬಾರ್ಸ್ಯಾನ. ಇದಕ್ಕ ಬಲಗೈ ಗೊತ್ತ ಇಲ್ಲ."

ನಾನು ಅವನ ಮುಖವನ್ನೇ ನೋಡಿದೆ. ಚೇಷ್ಟೆ ಮಾಡುತ್ತಿರಲಿಲ್ಲ. ಅದೇ ಹೆಚ್ಚು ಸಿಟ್ಟು ತರಿಸಿತು. ಚೇಷ್ಟೆ ಮಾಡುವವನಿಗೆ ಒಂದು ಬಾರಿಸಬಹುದು, ನಂಬಿ ಹೇಳುವವನಿಗೆ ಏನು ಮಾಡುವುದು?

"ಕಟಗಿಗೆ ಎಂಥಾ ರೂಢಿರಿ?" ಎಂದೆ.

"ಶೇಠ್ರ, ನೀವು ಪ್ಯಾಟಿಯವ್ರು, ನಿಮಗ ಒಕ್ಕಲತನ ಗೊತ್ತಿಲ್ಲ. ಎಡಕ್ಕ ಹೂಡಿ ರೂಢಿ ಆದ ಎತ್ತು ಬಲಕ್ಕ ಹೂಡಿದರ ಒಂದ ಹೆಜ್ಜಿ ಎಳಿತೈತೇನು? ಎಳ್ಯಾಂಗಿಲ್ಲ. ಇದೂ ಹಂಗ."

"ಎತ್ತಿಗೆ ಜೀವ ಐತಿ!"

"ನಾದಕ್ಕ ಜೀವ ಇಲ್ಲೇನ್ರಿ? ನೀವ ಹಿಂಗ ಅಂದ್ರ ಹ್ಯಾಂಗ, ವಾದ್ಯಾ ಮಾರಾವ್ರು?"

ಸೀನುತ್ತಲೇ ಬಾಸನ್ನು ಕೈಗೆತ್ತಿಕೊಂಡು ಅವನ ಎದುರೇ ಬಾರಿಸಿದೆ. ದನಿ ಕರ್ಕಶವಾಗಿ ಬಂತು. ತಂತಿ ತುಕ್ಕು ಹಿಡಿದಿದ್ದವು, ಕುತ್ತಿಗೆ ಬಾಗಿತ್ತು. ಇನ್ನು ಇವನ ಬಾಯಿ ಮುಚ್ಚಿತು ಎಂದುಕೊಂಡೆ.

ಅವನು ಬಾಸಿನ ಬೆನ್ನು ಸವರಿದ. "ಹೊಸಾ ಕೈ ಅಲ್ರಿ, ಬೆದರೈತಿ. ಒಂದ ವಾರ ಮನ್ಯಾಗ ಕಟ್ಟಿ ಹಾಕ್ರಿ, ಹೊಂದಿಕೋತೈತಿ."

ಪುಕ್ಕಟೆ ಕೆಲಸ

ಸಿಗುವುದಿಲ್ಲವೆಂದಾದರೆ ಮಾಡಿಸೋಣ ಎಂದು ರಾಯಬಾಗದ ಒಬ್ಬ ಬಡಿಗನ ಬಳಿ ಹೋದೆ. ಅವನು ಹಾರ್ಮೋನಿಯಂ ಪೆಟ್ಟಿಗೆ ಮಾಡುವುದರಲ್ಲಿ ಹೆಸರುವಾಸಿ. ನನ್ನ ಸಂಗ್ರಹದಲ್ಲಿದ್ದ ಒಳ್ಳೆಯ ಬಾಸೊಂದನ್ನು ಅವನೆದುರು ಇಟ್ಟು, ಎಲ್ಲವನ್ನೂ ಬೆರಳಿಟ್ಟು ತೋರಿಸಿದೆ. ತಂತಿ ಕೂರುವ ಪಟ್ಟಿಯ ಹರಿಗಳನ್ನು ಅದಲು ಬದಲು ಮಾಡಬೇಕು. ಕೆಳಗಿನ ತಗ್ಗಿನಂಥದ್ದೇ ತಗ್ಗು ಮೇಲೆ ಕೊರೆಯಬೇಕು. ಗುಂಡಿ ಆ ಕಡೆಯಿಂದ ಈ ಕಡೆಗೆ. ಬೇರೆ ಯಾವುದಕ್ಕೂ ಕೈ ಹಚ್ಚಬಾರದು.

"ತಿಳೀತಿಲ್ಲೋ?"

"ತಿಳೀತ್ರಿ. ಚಿಂತಿ ಬಿಟ್ಟ ಹೋಗ್ರಿ."

ಚಿಂತೆ ಬಿಟ್ಟು ಬಂದದ್ದೇ ತಪ್ಪು. ಮುಂದಿನ ಸಂತೆಯ ದಿನ ಹೋದಾಗ ಅವನು ಬಾಸನ್ನು ಹೊಸ ಟಾವೆಲ್ಲಿನಲ್ಲಿ ಸುತ್ತಿ ಇಟ್ಟಿದ್ದ. ಮುಖದಲ್ಲಿ ಬಾಣಂತಿ ಮನೆಯ ಸೂಲಗಿತ್ತಿಯ ಸಂತೋಷ. ಬಿಚ್ಚಿದ. ಪಾಲೀಶು ಮಿಂಚಿತು. ಕುತ್ತಿಗೆ ಎಣ್ಣೆ ಹಚ್ಚಿದ ಲಟ್ಟಣಿಗೆಯಂತೆ ನುಣ್ಣಗಿತ್ತು.

ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಡ್ಡ ಲೋಹದ ಗೆರೆಗಳಿರುತ್ತವೆ, ನೀವು ನೋಡಿರಬಹುದು. ಯಾವ ಸ್ವರ ಎಲ್ಲಿದೆ ಎಂದು ಬೆರಳಿಗೆ ಹೇಳುವವೇ ಅವು. ಅವಿಲ್ಲದಿದ್ದರೆ ಕಣ್ಣು ಕಟ್ಟಿಕೊಂಡು ಬಾವಿ ಮೆಟ್ಟಿಲು ಇಳಿದಂತೆ. ಅವೊಂದೂ ಇರಲಿಲ್ಲ.

"ಗೀಟು ಎಲ್ಲಿ ಹೋದ್ವೋ?"

"ಕೈಗೆ ಚುಚ್ಚತಿದ್ವಲ್ರಿ. ಒಂದೊಂದ ಕಿತ್ತು, ಸಂದಿ ತುಂಬಿ, ಪ್ಲೇನ್ ಹೊಡದೇನಿ. ಭಾಳ ಹೊತ್ತ ಹಿಡೀತು. ಅದರ ರೊಕ್ಕ ಬ್ಯಾಡ್ರಿ, ನಮ್ಮ ಕಡಿಂದ."

"ನಾ ಹೇಳಿದ್ದ ಎಡಗೈ ಕೆಲಸ?"

"ಅದು ಇನ್ನಾ ಚಾಲೂ ಮಾಡಿಲ್ರಿ."

ನಾನು ಅವನಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಪಕ್ಕದ ಹಿಟ್ಟಿನ ಗಿರಣಿಯವರು ಗಿರಣಿ ನಿಲ್ಲಿಸಿ ಕೇಳಿದರು. ಹಾಳಾದ ಮಾಲನ್ನು ಮನೆಯಲ್ಲಿಟ್ಟು ದಿನಾ ಹೊಟ್ಟೆ ಉರಿಸಿಕೊಳ್ಳುವ ಜಾತಿ ನನ್ನದಲ್ಲ. ಆ ವಾರವೇ ಅಂಗಡಿಗೆ ಬಂದ ಗೋವಾದ ಒಬ್ಬ ವಾದಕನಿಗೆ ಕಟ್ಟಿಗೆಯ ಬೆಲೆಗೆ ಕೊಟ್ಟು ಕೈ ತೊಳೆದುಕೊಂಡೆ. ಅವನು ರೊಕ್ಕ ಕೊಟ್ಟು, ಬಾಸನ್ನು ಎದೆಗವಚಿಕೊಂಡು, ಬಾಗಿಲು ದಾಟಿದ ಮೇಲೆ ತಿರುಗಿ ಕೇಳಿದ:

"ಗೀಟು ಇಲ್ಲದ್ದಕ್ಕ ಮುಂಬೈದಾಗ ಡಬಲ್ ರೇಟು ತಗೋತಾರ. ನಿಮ್ಮಲ್ಲಿ ಇಷ್ಟ ಸೋವಿ ಹ್ಯಾಂಗ್ರಿ?"

ಮರುದಿನ ಮತ್ತೆ ರಾಯಬಾಗಕ್ಕೆ ಹೋಗಿ, ಇನ್ನೂ ನಾಲ್ಕು ಬಾಸಿಗೆ ಹಾಗೇ ಮಾಡಿಕೊಡು ಎಂದೆ. ಬಡಿಗ ಕೈ ಮುಗಿದ. "ಬ್ಯಾಡ್ರಿ ಶೇಠ್ರ. ನೀವು ಬೈದ ಮ್ಯಾಲೆ ನಾ ಆಣಿ ಮಾಡೇನಿ. ಇನ್ನ ಮ್ಯಾಲೆ ಗಿರಾಕಿ ಹೇಳಿದ್ದಷ್ಟ ಮಾಡಾಂವ." ಗಿರಾಕಿ ನಾನೇ ಹೇಳುತ್ತಿದ್ದೇನಲ್ಲೋ ಎಂದರೂ ಕೇಳಲಿಲ್ಲ.

ಕೋಡಿಗೆ ಕೋಡು

ಇದು ಸಣ್ಣದು. ಯಡೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಗಣಪತಿ ಕಾರ್ಯಕ್ರಮ. ಎರಡು ಟ್ರ್ಯಾಕ್ಟರ್ ಟ್ರಾಲಿ ಜೋಡಿಸಿ ಮಾಡಿದ ಸ್ಟೇಜು. ಅದರ ಮೇಲೆ ನಾವೆಲ್ಲ ಸಂತೆಯ ಟೆಂಪೋದಲ್ಲಿ ನಿಂತಂತೆ ನಿಂತಿದ್ದೆವು. ಉಳಿದವರ ಗಿಟಾರಿನ ಕುತ್ತಿಗೆ ಒಂದು ಕಡೆಗೆ, ನನ್ನದು ಎದುರು ಕಡೆಗೆ. ಲೀಡ್ ಗಿಟಾರಿನವನು ಹುರುಪಿನಲ್ಲಿ ತಿರುಗಿದ. ಅವನ ಗಿಟಾರಿನ ತುದಿಯ, ತಂತಿ ಬಿಗಿಯುವ ಕಿವಿಗಳು ನನ್ನ ಬಾಸಿನ ಕಿವಿಗಳಲ್ಲಿ ಸಿಕ್ಕಿಬಿದ್ದವು.

ಅವನು ಎಳೆದ, ನಾನು ಎಳೆದೆ. "ಬಿಡಲೇ!" ಎಂದ. "ನೀ ಬಿಡಲೇ ಮೊದಲ!" ಎಂದೆ. ಮೈಕು ಚಾಲೂ ಇತ್ತು. ಟ್ರಾಲಿಯ ಮೇಲೆ ಗೂಳಿಗಳಂತೆ ಸುತ್ತು ಹೊಡೆದೆವು. ಕೊನೆಗೆ ಅವನ ತಂತಿ ಹರಿದು ನನ್ನ ಕಿವಿಗೆ ಬಡಿಯಿತು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮಂಡಳದ ಅಧ್ಯಕ್ಷ ಟ್ರಾಲಿ ಹತ್ತಿ ಬಂದು ಹೇಳಿದ: "ಹಾಡು ಸಾಕ್ರಿ. ಈ ಐಟಮ್ ಇನ್ನೊಂದ ಸಲ ಆಗ್ಲಿ."

ಸಾಹುಕಾರರ ಗೋಡೆ

ಅಥಣಿಯಲ್ಲಿ ಒಬ್ಬ ಸಾಹುಕಾರರು. ದ್ರಾಕ್ಷಿ ತೋಟ, ಕಬ್ಬು, ಎರಡು ಲಾರಿ. ಮಗಳ ಮದುವೆಗೆ ಆರ್ಕೆಸ್ಟ್ರಾ ಗೊತ್ತು ಮಾಡಲು ಕರೆಸಿದ್ದರು. ಪಡಸಾಲೆಯಲ್ಲಿ ಕುಳಿತು ತಲೆಯೆತ್ತಿದೆ. ಗೋಡೆಯ ಮೇಲೆ, ಜಿಂಕೆಯ ಕೊಂಬಿನ ಪಕ್ಕದಲ್ಲಿ, ಒಂದು ಬಾಸ್ ಗಿಟಾರು ತೂಗುತ್ತಿತ್ತು.

ತಗ್ಗು ಎದುರು ಬದಿಯಲ್ಲಿ. ಗುಂಡಿ ಎದುರು ಬದಿಯಲ್ಲಿ. ದಪ್ಪ ತಂತಿಯ ಹರಿ ನನಗೆ ಬೇಕಾದ ಕಡೆಯಲ್ಲಿ. ಕ್ಯಾಟಲಾಗಿನಲ್ಲಿ ನೋಡಿದ್ದೇ. ಅಸಲಿ ಎಡಗೈ ಬಾಸು!

ಕೊಳ್ಳುವವನ ಆಸೆ ಮುಖದಲ್ಲಿ ಕಂಡರೆ ರೇಟು ಏರುತ್ತದೆ. ಚಹಾ ಮುಗಿಸಿ, ಬಾಯಿ ಒರೆಸಿಕೊಂಡು, ಆಕಳಿಸುತ್ತ ಕೇಳಿದೆ: "ಇದೇನ್ರಿ ಸಾಹುಕಾರ್ರ, ಹಳೀದು ಕಾಣತೈತಿ?"

"ನನ್ನ ತಮ್ಮ ಮುಂಬೈಗೆ ದ್ರಾಕ್ಷಿ ಒಯ್ದಾಗ ಯಾರೋ ಹಡಗಿನಾಂವನ ಕಡಿಂದ ತಂದಾನ. ಇಲ್ಲಿ ಯಾರಿಗೂ ಬಾರಿಸಾಕ ಬರೂದಿಲ್ಲ. ಶೋಕ್ ಇರಲಿ ಅಂತ ಹಾಕೇನಿ."

"ಕೊಡ್ತೀರೇನು?"

"ಮಾರಾಕ ನಮ್ಮದೇನ ಅಂಗಡಿ ಅಲ್ಲ." ಸ್ವಲ್ಪ ತಡೆದು ಅಂದರು: "ಒಂದ ಕೆಲಸಾ ಮಾಡು. ಮದುವ್ಯಾಗ ಇದನ್ನ ಬಾರ್ಸು. ಬೀಗರು ಕಾಗವಾಡದವ್ರು, ಭಾಳ ಡೌಲಿನ ಮಂದಿ. ಇದು ನಮ್ಮ ಮನೀದು ಅಂತ ಅವರಿಗೆ ಕಾಣಬೇಕು. ಮದುವಿ ಚಂದ ಆತಂದ್ರ ಆಮ್ಯಾಲೆ ನೋಡೋಣು."

ಅಷ್ಟೂ ವರ್ಷ ಹುಡುಕಿದ್ದು ಕಣ್ಣೆದುರಿಗಿದೆ, ಕೈಗೆ ಬರಲು ಒಂದು ಮದುವೆ ಚೆನ್ನಾಗಿ ಆಗಬೇಕು. ಆರ್ಕೆಸ್ಟ್ರಾದ ರೇಟನ್ನು ನಾನೇ ಇಳಿಸಿ ಒಪ್ಪಿಕೊಂಡೆ. ಜೀವನದಲ್ಲಿ ಅದೊಂದೇ ಸಲ.

ಮದುವೆಯ ದಿನ ಮೊದಲ ಬಾರಿಗೆ ಮೊಳಕೈಗೆ ಏನೂ ಚುಚ್ಚದೆ ಬಾಸು ಬಾರಿಸಿದೆ. ಅದಲುಬದಲಾದ ತಂತಿಗೆ ಎರಡೇ ಹಾಡಿನಲ್ಲಿ ಬೆರಳು ಹೊಂದಿಕೊಂಡು, ಹೋದಲ್ಲಿ ಸ್ವರ ಸಿಗುತ್ತಿತ್ತು. ಬೆಳಿಗ್ಗೆಯಿಂದ ಯಾರ ಮೇಲೂ ಸಿಟ್ಟು ಬಂದಿರಲಿಲ್ಲ. ಆಗಲೇ ತಿಳಿಯಬೇಕಿತ್ತು, ಏನೋ ಕೆಡುಕು ಕಾದಿದೆಯೆಂದು.

ವರನ ತಂದೆಗೇ ಕಾಕಾ ಆಗಬೇಕಾದವರೊಬ್ಬರಿದ್ದರು. ಜರಿ ರುಮಾಲು, ಬೆಳ್ಳಿ ಕಟ್ಟಿನ ಕೋಲು. ಬೀಗರ ಪೈಕಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ಸೂಕ್ಷ್ಮ. ಅವರು ನನ್ನನ್ನು ಕೋಲಿನಿಂದ ತೋರಿಸಿ ಸಾಹುಕಾರರಿಗೆ ಕೇಳಿದರು: "ಶುಭ ಕಾರ್ಯದಾಗ ಎಡಗೈಲೆ ಬಾರಿಸಾಕ ಹಚ್ಚೀರೇನು? ಇದು ನಿಮ್ಮ ಮನಿ ಪದ್ಧತಿ ಏನು?"

ಸಾಹುಕಾರರು ಸ್ಟೇಜಿಗೆ ಓಡಿ ಬಂದರು. "ಲೇ, ಬಲಗೈಲೆ ಬಾರ್ಸು!"

"ಬರಾಂಗಿಲ್ರಿ. ನಾನೂ ಎಡಚ, ಇದೂ ಎಡಗೈ ಗಿಟಾರು."

"ಯಾವ ಗಿಟಾರು?"

"ನಿಮ್ಮದ ರೀ."

"ನಮ್ಮ ಮನ್ಯಾಗ ಎಡಗೈದು ಏನೂ ಇಲ್ಲ!" ಎಂದು ಅಬ್ಬರಿಸಿ, ಬಾಸನ್ನು ನನ್ನ ಕೊರಳಿಂದ ಬಿಚ್ಚಿಸಿ ಒಳಗೆ ಕಳಿಸಿಬಿಟ್ಟರು.

ಬಲಗೈ ಮಾಡಿದ ಫೋಟೋ

ಮದುವೆ ಮುಗಿದು ಕೆಲವು ದಿನಕ್ಕೆ ಸಾಹುಕಾರರೇ ಚಿಕ್ಕೋಡಿಗೆ ಜೀಪಿನಲ್ಲಿ ಬಂದರು. ಕೆಟ್ಟ ಸಂಕಟದಲ್ಲಿದ್ದರು. ಕಾಗವಾಡದ ಕಾಕಾ ಹೋದಲ್ಲೆಲ್ಲ ಎಡಗೈ ಮದುವೆ ಎಂದು ಆಡಿಕೊಳ್ಳುತ್ತಿದ್ದಾರಂತೆ. ಅದಕ್ಕೆ ಸಾಹುಕಾರರು ಒಂದು ಉಪಾಯ ಮಾಡಿದ್ದರು. ಮದುವೆಯ ಒಂದು ದೊಡ್ಡ ಫೋಟೋದಲ್ಲಿ ವಧು ವರರ ಹಿಂದೆಯೇ ಸ್ಟೇಜಿನ ಮೇಲೆ ನಾನು ನಿಂತಿದ್ದೆ. ನನ್ನನ್ನು ತೆಗೆದರೆ ವರನ ತಲೆಯೂ ಹೋಗುತ್ತಿತ್ತು. ಆದ್ದರಿಂದ ಫೋಟೋ ಸ್ಟುಡಿಯೋದವನಿಗೆ ಹೇಳಿದ್ದರು: "ಏನರ ಮಾಡು, ಆ ಎಡಚನ್ನ ಬಲಗೈಯಾಂವ ಮಾಡು." ಅವನು ಮಾಡಿ, ಕಟ್ಟು ಹಾಕಿ, ಕಾಗದ ಸುತ್ತಿ ಕೊಟ್ಟಿದ್ದ.

"ಕಾಗವಾಡಕ್ಕ ನನ್ನ ಜೋಡಿ ಬಾ. ಫೋಟೋ ತೋರಸ್ತೇನಿ. ನೀ ಬಲಗೈಲೆ ಬಾರಿಸಿದ್ದೆ ಅಂತ ಬೀಗರ ಮುಂದ ಹೇಳು. ಗಿಟಾರ ಜೀಪಿನ್ಯಾಗ ಐತಿ, ವಾಪಸ್ ಬರೂವಾಗ ರೇಟ್ ಮಾಡೋಣು."

ಸುಳ್ಳು ಹೇಳಬೇಕಲ್ಲ ಎಂದು ನನಗೆ ಬೇಸರವಾಗಲಿಲ್ಲ. ನನ್ನ ಕೈ ಏನು ಕಳ್ಳತನ ಮಾಡಿತ್ತು ಎಂದು ಅದನ್ನು ಮುಚ್ಚಿಡಬೇಕು ಎಂಬ ಸಿಟ್ಟು ಮಾತ್ರ ಬಂತು. ಆದರೂ ಜೀಪು ಹತ್ತಿದೆ.

ಕಾಗವಾಡದ ಮನೆಯಲ್ಲಿ ಕಾಕಾ ನಡುವೆ ಗಾದಿಯ ಮೇಲೆ, ಸುತ್ತ ಬೀಗರ ಬಳಗ. ತಾಟಿನ ತುಂಬ ಪೇಡೆ ಬಂದವು. ಸಾಹುಕಾರರು ಎದೆ ಉಬ್ಬಿಸಿ ಕಾಗದ ಹರಿದು, ಫೋಟೋ ಎತ್ತಿ ಹಿಡಿದರು. "ನೋಡ್ರಿ ಕಾಕಾ! ಯಾವ ಕೈ?"

ಕಾಕಾ ಕನ್ನಡಕ ಏರಿಸಿ ನನ್ನ ಚಿತ್ರ ನೋಡಿದರು. ಬಲಗೈ. ಒಪ್ಪಲೇಬೇಕು, ಚಿತ್ರದಲ್ಲಿ ನಾನು ಶಾಸ್ತ್ರೋಕ್ತವಾಗಿ ಬಲಗೈಯಿಂದ ಮೀಟುತ್ತಿದ್ದೆ.

"ಹೌದಲ್ಲ" ಎಂದರು ಕಾಕಾ. ಸಾಹುಕಾರರ ಮೀಸೆ ಕುಣಿಯಿತು. ಅಷ್ಟರಲ್ಲಿ ವರನ ತಾಯಿ ಸೆರಗು ಸರಿಮಾಡಿಕೊಳ್ಳುತ್ತ ಬಗ್ಗಿ ನೋಡಿದರು. "ಬೀಗರ, ಹಿಂದಿನ ಬ್ಯಾನರ್ ಯಾವ ಭಾಷಾದಾಗ ಬರಿಸೀರಿ? ಕನ್ನಡಾನೂ ಅಲ್ಲ, ಮರಾಠಿನೂ ಅಲ್ಲ."

ನನಗೆ ಆಗ ಹೊಳೆಯಿತು. ಸ್ಟುಡಿಯೋದವನು ನನ್ನೊಬ್ಬನನ್ನು ತಿದ್ದಿರಲಿಲ್ಲ. ನೆಗೆಟಿವನ್ನೇ ಉಲ್ಟಾ ಇಟ್ಟು ಪ್ರಿಂಟು ಹೊಡೆದಿದ್ದ!

ವರನ ತಾಯಿ ಇನ್ನೂ ನೋಡುತ್ತಿದ್ದರು. "ಅಯ್ಯ ಶಿವನ! ನನ್ನ ಮಗ ಎಡಗೈಲೆ ಹೆಣ್ಣಿಗೆ ಪೇಡೆ ತಿನಸಾಕತ್ತಾನ!"

"ಪೇಡೆ ಇರ್ಲಿ," ಎಂದು ಕಾಕಾ ಚಿತ್ರದ ಮೂಲೆಗೆ ಕೋಲು ಊರಿದರು. ಅಲ್ಲಿ ಸಾಹುಕಾರರು ಬೀಗರಿಗೆ ಮರ್ಯಾದೆ ಮಾಡುತ್ತ, ಅದೇ ಕಾಕಾನ ಹಣೆಗೆ ಕುಂಕುಮ ಹಚ್ಚುತ್ತಿದ್ದರು. "ಸಾಹುಕಾರ್ರ, ನನ್ನ ಹಣಿಗೆ ನೀವು ಎಡಗೈಲೆ ಕುಂಕುಮ ಹಚ್ಚೀರಿ?"

ಎಡಗೈಯಿಂದ ಕುಂಕುಮ! ಅದೂ ಹಿರಿಯ ಬೀಗನಿಗೆ! ನಮ್ಮ ಕಡೆ ಇದಕ್ಕಿಂತ ಸಣ್ಣ ಕಾರಣಕ್ಕೆ ಸೊಸೆಯರು ತವರಿಗೆ ಹೋಗಿದ್ದಾರೆ.

"ಇಲ್ರೀ! ಬಲಗೈಲೆ ಹಚ್ಚೇನಿ! ಫೋಟೋ ಉಲ್ಟಾ ಐತ್ರಿ!" ಎಂದು ಸಾಹುಕಾರರು ಚೀರಿದರು.

"ಫೋಟೋ ಉಲ್ಟಾ ಇದ್ರ ಈ ಗಿಟಾರಿನಾಂವ ಹ್ಯಾಂಗ ಸುಲ್ಟಾ ಅದಾನ?" ಕಾಕಾ ನನ್ನ ಕಡೆ ತಿರುಗಿದರು. "ನೀ ಹೇಳೋ. ಯಾವ ಕೈಲೆ ಬಾರಿಸಿದ್ದಿ?"

ಬಲಗೈ ಎಂದರೆ ಸಾಹುಕಾರರು ಕುಂಕುಮ ಹಚ್ಚಿದ್ದು ಎಡಗೈ. ಎಡಗೈ ಎಂದರೆ ಕುಂಕುಮ ಬಲಗೈ. ಸಾಹುಕಾರರು ನನ್ನ ಮೊಳಕೈ ಹಿಡಿದು ಕಿವಿಯಲ್ಲಿ ಉಸುರಿದರು: "ಎಡಗೈ ಅಂತ ಹೇಳೋ, ತಮ್ಮಾ!"

ನಾನು ಚಾವಣಿ ನೋಡಿದೆ. "ಬಲಗೈ ಅಂತ ಹೇಳಾಕ ಕರ್ಕೊಂಡ ಬಂದೀರಿ."

"ಅದು ಬ್ಯಾಡ! ಎಡಗೈ, ಎಡಗೈ!"

"ಗಿಟಾರು?"

"ಕೊಟ್ಟೆ!"

"ರೇಟು?"

"ಪುಕ್ಕಟ ಒಯ್ಯೋ ಮಾರಾಯಾ, ಬಾಯಿ ತೆಗಿ!"

ಬಾಯಿ ತೆಗೆದೆ. ಅಷ್ಟು ವರ್ಷದ ಸಿಟ್ಟೆಲ್ಲ ಸೇರಿಸಿ, ಗಟ್ಟಿಯಾಗಿ ಹೇಳಿದೆ: "ನಾನು ಹುಟ್ಟಾ ಎಡಚ. ನನ್ನ ಕೈಯೂ ಎಡಗೈ, ಗಿಟಾರೂ ಎಡಗೈ. ನಿಮ್ಮ ಮದುವ್ಯಾಗ ಎಡಗೈಲೆನ ಬಾರ್ಸೇನಿ."

"ಕೇಳಿದ್ರೆಲ್ಲೋ!" ಸಾಹುಕಾರರು ಕುಣಿದಾಡಿದರು. "ದೇವರಾಣಿ ಎಡಚ ಅದಾನ್ರಿ! ಇಂಥಾ ಎಡಚ ಐದ ತಾಲೂಕಿನ್ಯಾಗ ಸಿಗಾಂಗಿಲ್ಲ!"

ಕಾಕಾ ಮಾತ್ರ ಕರಗಲಿಲ್ಲ. "ಬಾಯಿ ಮಾತು ಯಾರ ಬೇಕಾದಾವ್ರು ಹೇಳ್ತಾರ. ಖಾತ್ರಿ ಏನು?"

ಸಾಹುಕಾರರು ಸುತ್ತ ನೋಡಿ, ಪೇಡೆಯ ತಾಟನ್ನು ನನ್ನೆದುರು ತಳ್ಳಿದರು. "ತಿನ್ನೋ. ಎಡಗೈಲೆ ತಿನ್ನು."

ಉಣ್ಣುವುದನ್ನು ಮಾತ್ರ ನಾನು ಎಂದೂ ಎಡಗೈಯಿಂದ ಮಾಡಿದವನಲ್ಲ. ನನ್ನವ್ವ ಅಷ್ಟನ್ನು ಬಡಿದು ಕಲಿಸಿದ್ದಳು. ಆದರೆ ವ್ಯಾಪಾರ ಎಂದರೆ ವ್ಯಾಪಾರ. ಹಿರಿಯರ ಮನೆಯಲ್ಲಿ, ಹಿರಿಯರ ಎದುರು, ಎಡಗೈಯಿಂದ ಒಂದು ಪೇಡೆ ಎತ್ತಿ ಬಾಯಿಗೆ ಹಾಕಿಕೊಂಡೆ. ವರನ ತಾಯಿ ಕಣ್ಣು ಮುಚ್ಚಿಕೊಂಡರು.

"ಆತೇನ್ರಿ ಖಾತ್ರಿ?" ಎಂದರು ಸಾಹುಕಾರರು.

ಕಾಕಾ ಗಡ್ಡ ಕೆರೆದುಕೊಂಡರು. "ಒಂದ ಪೇಡೆ ಯಾರ ಬೇಕಾದಾವ್ರು ತಿಂತಾರ."

ಕಬ್ಬಿನ ಸಾಹುಕಾರ, ಎರಡು ಲಾರಿಯ ಮಾಲಕ, ತಮ್ಮ ಮನೆಯಲ್ಲಿ ಎಡಗೈದು ಏನೂ ಇಲ್ಲವೆಂದು ಅಬ್ಬರಿಸಿದ್ದ ಮನುಷ್ಯ, ಇಡೀ ತಾಟನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು ಕೈ ಮುಗಿದರು:

"ಎಲ್ಲಾ ತಿನ್ನೋ ಯಪ್ಪಾ! ಎಡಗೈಲೆನ ಎಲ್ಲಾ ತಿನ್ನು! ಕಾಕಾಗ ಸಮಾಧಾನ ಆಗೂತನಾ ಬಲಗೈ ಮುಟ್ಟಿಸಿದಿ ಅಂದ್ರ ನೋಡು!"